ಬೇಸಿಗೆ ರಜೆಯಲ್ಲೊಂದು ಸಂಶೋಧನೆ: ಮನೆಯಿಂದ ಮೊದಲು ಕಾಲೇಜು ಮೆಟ್ಟಿಲೇರಿದ ಬಿ.ಎ. ವಿದ್ಯಾರ್ಥಿಗಳಿಗೆ

ವಿಜ್ಞಾನ ಓದುವ ವಿದ್ಯಾರ್ಥಿಗೆ ಬೇಸಿಗೆಯಲ್ಲಿ ಸಂಶೋಧನೆ ಮಾಡಬೇಕೆನ್ನಿಸಿದರೆ ಅರ್ಜಿ ಹಾಕಲು ಒಂದು ವಿಳಾಸವಿದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ಪಿಗೆ ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಕಲಿಯುತ್ತಾರೆ, ಅದಕ್ಕೆ ಭತ್ಯೆಯನ್ನೂ ಪಡೆಯುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ ಓದುವವರಿಗೆ ಅಷ್ಟು ದೊಡ್ಡದಾದ, ಅಷ್ಟು ವ್ಯವಸ್ಥಿತವಾದ ಬಾಗಿಲು ಇಲ್ಲ. ಅವಕಾಶಗಳೇ ಇಲ್ಲವೆಂದಲ್ಲ. ಅವು ಚದುರಿಹೋಗಿವೆ, ಎಷ್ಟೋ ಕಡೆ ಪ್ರಕಟಣೆಯೇ ಹೊರಡುವುದಿಲ್ಲ, ಕೇಳಿದವರಿಗೆ ಮಾತ್ರ ಸಿಗುತ್ತವೆ. ಹಾಗೆ ಕೇಳಬಹುದೆಂಬುದೇ ಗೊತ್ತಿರುವವರು ಹೆಚ್ಚಾಗಿ ಓದು ಬರಹದ ಮನೆಗಳಿಂದ ಬಂದ ಮಕ್ಕಳು. ಆ ಗುಟ್ಟು ಹೇಳಿಕೊಡುವವರು ಮನೆಯಲ್ಲಿಲ್ಲದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹಲವು ವರ್ಷ ಬಿ.ಎ. ತರಗತಿಗಳಿಗೆ ಪಾಠ ಮಾಡಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಇದಕ್ಕೆಂದೇ ಯೋಜನೆಗಳಿವೆ. ಉನ್ನತ ಶಿಕ್ಷಣದಲ್ಲಿ ಪ್ರಾತಿನಿಧ್ಯ ಕಡಿಮೆ ಇರುವ ಸಮುದಾಯಗಳಿಂದ ಮುಂದಿನ ಪ್ರಾಧ್ಯಾಪಕರು ಬರಲೆಂದು ಮೆಲನ್ ಫೌಂಡೇಶನ್ 1988ರಲ್ಲಿ ಆರಂಭಿಸಿದ ಫೆಲೋಶಿಪ್ ಈಗ ಮೆಲನ್ ಮೇಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. 1992ರಲ್ಲಿ ಹುಟ್ಟಿದ ಲೀಡರ್‌ಶಿಪ್ ಅಲಯನ್ಸ್ ಎಂಬ ಒಕ್ಕೂಟ ಪದವಿ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಸಂಶೋಧನೆಗೆ ಕಳುಹಿಸುತ್ತದೆ. ಅಲ್ಲಿನ ಇಂತಹ ಯೋಜನೆಗಳಲ್ಲಿ ಹಲವು ಆ ದೇಶದ ಪೌರತ್ವವನ್ನೋ ಕಾಯಂ ನಿವಾಸದ ಹಕ್ಕನ್ನೋ ಕೇಳುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಅವು ನೇರವಾಗಿ ಒದಗುವುದಿಲ್ಲ. ಆದರೂ ಅವುಗಳ ಹೆಸರು ತೆಗೆದದ್ದಕ್ಕೆ ಕಾರಣವಿದೆ. ಅವು ಕೊಡುವುದೇನು ಎಂದು ನೋಡಿದರೆ ಮುಖ್ಯವಾಗಿ ನಾಲ್ಕು: ದಾರಿ ತೋರುವ ಒಬ್ಬ ಮಾರ್ಗದರ್ಶಕರು, ಖರ್ಚಿಗೆ ಹಣ, ಇರಲು ಜಾಗ, ಕೊನೆಯಲ್ಲಿ ನೀವು ಕಂಡದ್ದನ್ನು ಕೂತು ಕೇಳುವ ಒಂದು ಸಭೆ. ನಮ್ಮಲ್ಲಿ ಈ ನಾಲ್ಕೂ ಒಂದೇ ಕೈಯಿಂದ ಬರುವುದು ಅಪರೂಪ, ಆದ್ದರಿಂದ ಬೇರೆ ಬೇರೆ ಕಡೆಯಿಂದ ಕೂಡಿಸಿಕೊಳ್ಳಬೇಕು.

ಮೊದಲ ಹೆಜ್ಜೆ: ರಜೆ ಯಾವಾಗ ಎಂದು ತಿಳಿದುಕೊಳ್ಳುವುದು

ಇದು ತಮಾಷೆಯ ಮಾತಲ್ಲ. ನಮ್ಮ ವಿಶ್ವವಿದ್ಯಾಲಯಗಳ ವೇಳಾಪಟ್ಟಿಯಲ್ಲಿ ಬೇಸಿಗೆ ಬೇಸಿಗೆಯಲ್ಲೇ ಬರುತ್ತದೆಂಬ ಖಾತ್ರಿಯಿಲ್ಲ. ಸಮ ಸೆಮಿಸ್ಟರಿನ ಪರೀಕ್ಷೆಗಳು ಜಾರುತ್ತಾ ಹೋಗಿ, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ತರಗತಿ ನಡೆದು, ಮಳೆಗಾಲದಲ್ಲಿ ರಜೆ ಸಿಕ್ಕಿದ ವರ್ಷಗಳೂ ಇವೆ. ಹೊರಗಿನ ಸಂಸ್ಥೆಗಳ ಬೇಸಿಗೆ ಕಾರ್ಯಕ್ರಮಗಳೋ ಸಾಮಾನ್ಯವಾಗಿ ಮೇ, ಜೂನ್, ಜುಲೈ ತಿಂಗಳಲ್ಲಿ ನಡೆಯುತ್ತವೆ, ಅವಕ್ಕೆ ಅರ್ಜಿ ಕೊಡುವ ಕೊನೆಯ ದಿನ ಎಷ್ಟೋ ತಿಂಗಳ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಡಿಸೆಂಬರಿನಲ್ಲೇ ವಿಶ್ವವಿದ್ಯಾಲಯದ ಶೈಕ್ಷಣಿಕ ವೇಳಾಪಟ್ಟಿಯ ಪ್ರತಿಯೊಂದನ್ನು ಕಾಲೇಜು ಕಚೇರಿಯಿಂದ ಪಡೆದುಕೊಳ್ಳಿ. ಪರೀಕ್ಷೆ ಜಾರಬಹುದೆಂದು ಭಾವಿಸಿಯೇ ಯೋಜನೆ ಹಾಕಿ. ಆರು ವಾರದ ಕೆಲಸಕ್ಕಿಂತ ನಾಲ್ಕು ವಾರದ ಕೆಲಸ ನಮ್ಮ ರಜೆಗೆ ಹೆಚ್ಚು ಹೊಂದುತ್ತದೆ. ಎರಡನೆಯ ವರ್ಷದ ರಜೆ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಎಂ.ಎ. ಅರ್ಜಿಗೆ ಮುನ್ನ ತೋರಿಸಲು ನಿಮ್ಮ ಕೈಯಲ್ಲೊಂದು ಬರಹ ಇರಬೇಕಾದರೆ ಬಹುಮಟ್ಟಿಗೆ ಉಳಿಯುವುದು ಅದೊಂದೇ ರಜೆ.

ಎರಡನೆಯ ಹೆಜ್ಜೆ: ಪ್ರಶ್ನೆಯನ್ನು ಚಿಕ್ಕದು ಮಾಡುವುದು

ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ನನ್ನ ಬಳಿ ಬರುವ ವಿದ್ಯಾರ್ಥಿಗಳು ಮೊದಲು ಹೇಳುವ ವಿಷಯಗಳು ಪಠ್ಯಪುಸ್ತಕದ ಅಧ್ಯಾಯಗಳ ತಲೆಬರಹದಂತೆಯೇ ಇರುತ್ತವೆ: ವಿಜಯನಗರದ ಆರ್ಥಿಕ ಸ್ಥಿತಿ, ವಚನ ಚಳವಳಿಯಲ್ಲಿ ಮಹಿಳೆ, ಕರ್ನಾಟಕದ ಜಾನಪದ. ಇವು ನಾಲ್ಕು ವಾರಕ್ಕಲ್ಲ, ನಲವತ್ತು ವರ್ಷಕ್ಕೂ ಮುಗಿಯುವಂಥವಲ್ಲ.

ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು ಕೊನೆಯ ವಿಷಯವನ್ನೇ ಹಿಡಿದು ಬಂದಿದ್ದಳು. ಮನೆಯಲ್ಲಿ ಯಾರು ಹಾಡುತ್ತಾರೆ ಎಂದು ಕೇಳಿದಾಗ ಅಜ್ಜಿ ಬೀಸುವ ಪದ ಹಾಡುತ್ತಿದ್ದಳು, ಈಗ ಗಿರಣಿ ಬಂದ ಮೇಲೆ ಹಾಡುವುದಿಲ್ಲ ಎಂದಳು. ಹಾಗಾದರೆ ಆ ಪದಗಳು ಎಲ್ಲಿಗೆ ಹೋದವು? ಈ ಪ್ರಶ್ನೆಯೇ ಅವಳ ವಿಷಯವಾಯಿತು. ತನ್ನ ಊರು ಮತ್ತು ಸುತ್ತಲಿನ ಮೂರು ಊರುಗಳಲ್ಲಿ ಅರವತ್ತು ದಾಟಿದ ಹೆಂಗಸರಿಗೆ ಬೀಸುವ ಪದಗಳು ನೆನಪಿವೆಯೇ, ಇದ್ದರೆ ಈಗ ಯಾವ ಹೊತ್ತಿನಲ್ಲಿ ಹಾಡುತ್ತಾರೆ ಎಂದಷ್ಟೇ ಅವಳು ಹುಡುಕಿದಳು. ಅಜ್ಜಿಯನ್ನು ಕಟ್ಟೆಯ ಮೇಲೆ ಕೂರಿಸಿ ಮೊಬೈಲ್ ಹಿಡಿದಾಗ ಮೂರನೆಯ ನುಡಿಗೇ ಪದ ನಿಂತುಹೋಯಿತು. ‘ಕೈ ಸುಮ್ಮನಿದ್ರ ಪದ ಬರಂಗಿಲ್ಲ ಯವ್ವಾ’ ಎಂದಿತು ಅಜ್ಜಿ. ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು, ಒಂದು ಹಿಡಿ ಜೋಳ ಹಾಕಿ, ಗೂಟ ಹಿಡಿಸಿದ ಮೇಲೆ ಹದಿನೇಳು ನುಡಿ ಬಂದವು. ಆ ಅಜ್ಜಿಯ ಮಾತಿನಲ್ಲಿ ನೆನಪಿಗೂ ದುಡಿಮೆಗೂ ಇರುವ ನಂಟಿನ ಬಗ್ಗೆ ಒಂದು ವಾದವೇ ಅಡಗಿದೆ. ಹಾಡು ಬರೆದುಕೊಂಡು ಹೋಗಲು ಪಟ್ಟಣದಿಂದ ಬಂದವರು ಆ ಊರಿಗೆ ಹಿಂದೆಯೂ ಬಂದಿದ್ದರಂತೆ. ಅವರಾರಿಗೂ ಬೀಸುಕಲ್ಲು ತೊಳೆಯಬೇಕೆಂದು ಹೊಳೆದಿರಲಿಲ್ಲ.

ಇದರಲ್ಲಿ ನಾನು ಒತ್ತಿ ಹೇಳಬೇಕಾದ ಮಾತಿದೆ. ದಲಿತ, ಆದಿವಾಸಿ, ಅಲೆಮಾರಿ, ಹಿಂದುಳಿದ ಸಮುದಾಯಗಳ ಬದುಕು ಮಾನವಿಕ ಸಂಶೋಧನೆಗೆ ಬಹುಕಾಲದಿಂದ ವಸ್ತುವಾಗಿದೆ, ಆದರೆ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಆ ಮನೆಗಳ ಮಕ್ಕಳು ಕೂತದ್ದು ಕಡಿಮೆ. ನಿಮ್ಮ ಮನೆಯ ಭಾಷೆ, ಕಸುಬಿನ ಮಾತು, ದೇವರ ಹೆಸರು, ಸಾವಿನ ಹಾಡು ನಿಮಗೆ ಆಗಲೇ ಗೊತ್ತಿರುವುದು ಹೊರಗಿನ ಸಂಶೋಧಕರು ವರ್ಷಗಟ್ಟಲೆ ದುಡಿದು ಗಳಿಸಬೇಕಾದ ಬಂಡವಾಳ. ಹಾಗೆಂದು ನಿಮ್ಮ ಸಮುದಾಯದ ಬಗ್ಗೆಯೇ ಬರೆಯಬೇಕೆಂಬ ಒತ್ತಾಯಕ್ಕೂ ಬಾಗಬೇಡಿ. ಮಾದಿಗರ ಹುಡುಗಿಗೆ ಹಳಗನ್ನಡ ಛಂದಸ್ಸಿನ ಮೇಲೆ ಆಸೆಯಿದ್ದರೆ ಅದನ್ನೇ ಮಾಡಲಿ. ‘ನಿಮ್ಮ ಜನರ ಬಗ್ಗೆ ಮಾಡಮ್ಮ’ ಎಂಬ ಸಲಹೆ ಎಷ್ಟೋ ಸಲ ಬೇಲಿಯೇ ಆಗಿರುತ್ತದೆ.

ಮೂರನೆಯ ಹೆಜ್ಜೆ: ಎಲ್ಲಿಗೆ ಹೋಗುವುದು

ಹಳೆಯ ಮೈಸೂರು ಭಾಗದವರಾದರೆ ಹೊರಗೆ ಹೊರಡುವ ಮೊದಲು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮ ತಾಲ್ಲೂಕನ್ನು ಹುಡುಕಿ. ಶಾಸನತಜ್ಞ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಈ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿವೆ, ಹಳೆಯ ಮುದ್ರಣಗಳು ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ನಿಮ್ಮ ಊರಿನ ಕೆರೆ ಏರಿಯ ವೀರಗಲ್ಲು ಅದರಲ್ಲಿದೆಯೇ, ಇದ್ದರೆ ಈಗ ಸ್ಥಳದಲ್ಲಿದೆಯೇ ಎಂದು ನೋಡುವುದೇ ಒಂದು ರಜೆಯ ಕೆಲಸವಾಗಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ, ಅಂದರೆ 1909ರಲ್ಲಿ ಆರಂಭವಾದ ಸಂಸ್ಥೆ, ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿರುವುದು ಇದೇ ಬಗೆಯ ಹುಡುಕಾಟದಿಂದ. ಕಲ್ಯಾಣ ಕರ್ನಾಟಕ, ಕಿತ್ತೂರು ಕರ್ನಾಟಕದವರು ರೈಸ್ ಸಂಪುಟಗಳಲ್ಲಿ ತಮ್ಮ ಊರು ಕಾಣದೆ ನಿರಾಶರಾಗಬೇಕಿಲ್ಲ. 1939ರಲ್ಲಿ ಸ್ಥಾಪನೆಯಾದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳನ್ನೂ ಹಂಪಿ ಕನ್ನಡ ವಿಶ್ವವಿದ್ಯಾಲಯ ಹೊರತಂದ ಶಾಸನ ಸಂಪುಟಗಳನ್ನೂ ನೋಡಬೇಕು.

ಹಸ್ತಪ್ರತಿಗಳ ಒಲವಿದ್ದವರಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. 1891ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ದೊರಕಿದ್ದು, 1909ರಲ್ಲಿ ಅದು ಅಚ್ಚಾದದ್ದು. ಭಾಷಾವಿಜ್ಞಾನದ ಕಡೆ ಒಲಿದವರಿಗೆ ಅದೇ ಊರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಜನಪದ ಸಂಗ್ರಹದವರಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮತ್ತು ರಾಮನಗರದ ಜಾನಪದ ಲೋಕ. ಕರಾವಳಿಯವರಿಗೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿರುವ ಬಾಸೆಲ್ ಮಿಶನ್ ಕಾಲದ ದಾಖಲೆಗಳು. ಸರ್ಕಾರಿ ಕಡತ ಬೇಕಾದವರು ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು. ಬೆಂಗಳೂರಿಗೆ ಬರಲಾಗದವರು ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಮನೆಯಿಂದಲೇ ಹುಡುಕಬಹುದು.

ಇಂಟರ್ನ್ ಆಗಿ ಸೇರಿಕೊಳ್ಳಬೇಕೆಂದಿದ್ದರೆ ಐಐಟಿಗಳನ್ನು ಎಂಜಿನಿಯರುಗಳ ಊರೆಂದು ಬಿಟ್ಟುಬಿಡಬೇಡಿ. ಅವುಗಳಲ್ಲಿ ಮಾನವಿಕ ವಿಭಾಗಗಳಿವೆ. ಐಐಟಿ ಗಾಂಧಿನಗರದ ಬೇಸಿಗೆ ಸಂಶೋಧನಾ ಇಂಟರ್ನ್‌ಶಿಪ್ಪಿನಲ್ಲಿ ಮಾನವಿಕ ಮತ್ತು ಸಮಾಜವಿಜ್ಞಾನದ ಪ್ರಾಜೆಕ್ಟುಗಳೂ ಇರುತ್ತವೆ. ಆದರೆ ಅರ್ಹತೆಯ ಸಾಲನ್ನು ಎರಡು ಸಲ ಓದಿ, ಏಕೆಂದರೆ ಕೆಲವು ಐಐಟಿಗಳ ಬೇಸಿಗೆ ಫೆಲೋಶಿಪ್ ಎಂ.ಎ. ಮೊದಲ ವರ್ಷದವರಿಗಿದ್ದು ಬಿ.ಎ.ದವರಿಗೆ ಇರುವುದಿಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಾದ ಎನ್‌ಸಿಬಿಎಸ್ ಆವರಣದಲ್ಲಿರುವ ಆರ್ಕೈವ್ಸ್ ವಿಜ್ಞಾನದ ಇತಿಹಾಸದ ಕಾಗದಪತ್ರಗಳನ್ನು ಕಾಯುತ್ತಿದ್ದು ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ತೆಗೆದುಕೊಳ್ಳುತ್ತದೆ. ಸಮಾಜವಿಜ್ಞಾನಕ್ಕೆ ಹತ್ತಿರವಾದ ಪ್ರಶ್ನೆಯಾದರೆ ಬೆಂಗಳೂರಿನ ನಾಗರಬಾವಿಯಲ್ಲಿರುವ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಪ್ರಾಧ್ಯಾಪಕರಿಗೆ ಬರೆಯಬಹುದು. ಹಣ ಕಟ್ಟಿಸಿಕೊಂಡು ‘ಸಂಶೋಧನಾ ಇಂಟರ್ನ್‌ಶಿಪ್’ ಪ್ರಮಾಣಪತ್ರ ಕೊಡುವ ಜಾಹೀರಾತುಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ನಾಲ್ಕನೆಯ ಹೆಜ್ಜೆ: ಪತ್ರ

ಇಲ್ಲೇ ನಮ್ಮ ಮಕ್ಕಳು ಹಿಂಜರಿಯುವುದು. ಇಂಗ್ಲಿಷ್ ಬಾರದೆಂಬ ಅಳುಕು, ದೊಡ್ಡವರಿಗೆ ಬರೆದರೆ ಏನೆಂದುಕೊಳ್ಳುತ್ತಾರೋ ಎಂಬ ಭಯ. ಕನ್ನಡ ಬಲ್ಲ ಪ್ರಾಧ್ಯಾಪಕರಿಗೆ ಕನ್ನಡದಲ್ಲೇ ಬರೆಯಿರಿ. ಹೊಗಳಿಕೆ ಬೇಡ, ಬಡತನದ ಕಥೆಯೂ ಬೇಡ. ನೀವು ಯಾರು, ಏನನ್ನು ಹುಡುಕುತ್ತಿದ್ದೀರಿ, ಈವರೆಗೆ ಏನು ಮಾಡಿದ್ದೀರಿ, ಅವರಿಂದ ಏನು ಬೇಕು ಎಂಬ ನಾಲ್ಕು ವಿಷಯ ಅರ್ಧ ಪುಟದಲ್ಲಿ ಇದ್ದರೆ ಸಾಕು. ಹೀಗೆ:

‘ಮಾನ್ಯರೇ, ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ನಾಲ್ಕನೆಯ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ಹೋಬಳಿಯ ಹನ್ನೊಂದು ವೀರಗಲ್ಲುಗಳಲ್ಲಿ ನಾಲ್ಕು ತುರುಗೋಳಿನವು ಎಂದು ಮುದ್ರಿತ ಸಂಪುಟದಿಂದ ತಿಳಿದು, ಅವುಗಳಲ್ಲಿ ಮೂರನ್ನು ಸ್ಥಳದಲ್ಲಿ ನೋಡಿ ಫೋಟೋ ತೆಗೆದಿದ್ದೇನೆ. ನಾಲ್ಕನೆಯದು ಸಿಕ್ಕಿಲ್ಲ. ಜೂನ್ ತಿಂಗಳಲ್ಲಿ ನಾಲ್ಕು ವಾರ ಈ ಕೆಲಸ ಮುಂದುವರಿಸಬೇಕೆಂದಿದ್ದೇನೆ. ವಾರಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಮಾರ್ಗದರ್ಶನ ಮಾಡಲು ತಮಗೆ ಸಾಧ್ಯವಾದೀತೆ? ಒಂದು ಪುಟದ ಟಿಪ್ಪಣಿಯನ್ನು ಇದರೊಂದಿಗೆ ಇಟ್ಟಿದ್ದೇನೆ.’

(ತುರುಗೋಳೆಂದರೆ ದನಗಳ ಕೊಳ್ಳೆ.) ‘ನಾಲ್ಕನೆಯದು ಸಿಕ್ಕಿಲ್ಲ’ ಎಂಬ ಸಾಲನ್ನು ನೋಡಿ. ಓದುವ ಪ್ರಾಧ್ಯಾಪಕರಿಗೆ ಈ ವಿದ್ಯಾರ್ಥಿ ನಿಜವಾಗಿಯೂ ಹೊಲ ಸುತ್ತಿದ್ದಾನೆಂದು ಗೊತ್ತಾಗುವುದು ಅಲ್ಲಿಯೇ. ಐದು ಜನರಿಗೆ ಬೇರೆ ಬೇರೆ ಪತ್ರ ಬರೆಯಿರಿ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಿದರೆ ಅದು ವಾಸನೆಯಲ್ಲೇ ತಿಳಿಯುತ್ತದೆ. ಹತ್ತು ದಿನ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಇದರ ಜೊತೆಗೆ ಪ್ರಾಂಶುಪಾಲರ ಸಹಿ, ಮೊಹರು ಇರುವ ಪರಿಚಯ ಪತ್ರವನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಮೂರು ಪ್ರತಿ ಮಾಡಿಸಿಕೊಳ್ಳಿ. ನನ್ನ ವಿದ್ಯಾರ್ಥಿಯೊಬ್ಬ ಏಳು ಗಂಟೆ ಬಸ್ಸಿನಲ್ಲಿ ಕೂತು ಒಂದು ದಾಖಲೆಗಳ ಕಚೇರಿಗೆ ಹೋಗಿ, ಪತ್ರವಿಲ್ಲವೆಂಬ ಕಾರಣಕ್ಕೆ ಹತ್ತೇ ನಿಮಿಷದಲ್ಲಿ ಹೊರಗೆ ಬಂದ. ತಪ್ಪು ಅರ್ಧ ನನ್ನದು, ಹೇಳಿ ಕಳುಹಿಸಬೇಕಿತ್ತು. ಅಂದಿನಿಂದ ಪತ್ರ, ಕಾಲೇಜಿನ ಗುರುತಿನ ಚೀಟಿ, ಆಧಾರ್ ಪ್ರತಿ, ಎರಡು ಫೋಟೋ ಇಲ್ಲದೆ ಯಾರನ್ನೂ ಕಳುಹಿಸುತ್ತಿಲ್ಲ. ಪತ್ರಾಗಾರಗಳಲ್ಲಿ ಕಡತದ ಹತ್ತಿರ ಪೆನ್ನು ಬಿಡದಿರುವುದುಂಟು, ಪೆನ್ಸಿಲ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆಯಬಹುದೇ ಎಂಬುದನ್ನು ಹೋಗುವ ಮೊದಲೇ ಫೋನ್ ಮಾಡಿ ಕೇಳಿ.

ಐದನೆಯ ಹೆಜ್ಜೆ: ಹಣ ಮತ್ತು ಮನೆಯವರು

ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಬರುವ ಊಟ ವಸತಿ ನೆರವು ವರ್ಷಕ್ಕೆ 10 ತಿಂಗಳು. ಉಳಿದ ಎರಡು ತಿಂಗಳು ಸರ್ಕಾರದ ಲೆಕ್ಕದಲ್ಲಿ ನೀವು ಊರಿನಲ್ಲಿರುತ್ತೀರಿ. ಎಷ್ಟೋ ಹಾಸ್ಟೆಲುಗಳಲ್ಲಿ ಅಡುಗೆಯೂ ನಿಲ್ಲುತ್ತದೆ. ಬಡ ಮನೆಯ ವಿದ್ಯಾರ್ಥಿಗೆ ರಜೆಯೆಂದರೆ ಕೂಲಿಯ ಕಾಲ, ಅಂಗಡಿ ಕೆಲಸದ ಕಾಲ. ಭತ್ಯೆಯಿಲ್ಲದ ಇಂಟರ್ನ್‌ಶಿಪ್ಪನ್ನು ಅವರಿಗೆ ‘ಅನುಭವ’ ಎಂದು ಬಣ್ಣಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದ್ದರಿಂದ ಮೊದಲ ಸಂಶೋಧನೆಯನ್ನು ಊರಿನಲ್ಲಿದ್ದುಕೊಂಡೇ ಮಾಡುವಂತೆ ರೂಪಿಸಿಕೊಳ್ಳುವುದು ಜಾಣತನ: ಊಟ ಮನೆಯಲ್ಲಿ, ಬೆಳಿಗ್ಗೆ ಹೊಲದ ಕೆಲಸ, ಸಂಜೆ ಸಂದರ್ಶನ, ದೊಡ್ಡ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಹೋಗಿಬರಲು ಒಟ್ಟಿಗೆ ನಾಲ್ಕೈದು ದಿನ. ವಿದ್ಯಾರ್ಥಿನಿಯರಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಇಲ್ಲಿ ದೊಡ್ಡ ನೆರವು. ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲದೆ ಮೈಸೂರು, ಧಾರವಾಡ, ಹಂಪಿ ಸುತ್ತಬಹುದೆಂದರೆ ಕ್ಷೇತ್ರಕಾರ್ಯದ ಬಹುದೊಡ್ಡ ಖರ್ಚೇ ಉಳಿದಂತೆ. ಬೇರೆ ಊರಿನಲ್ಲಿ ಉಳಿಯಬೇಕಾದರೆ ಅಲ್ಲಿನ ಸರ್ಕಾರಿ ಹಾಸ್ಟೆಲಿನ ವಾರ್ಡನ್‌ಗೆ ನಿಮ್ಮ ವಾರ್ಡನ್ ಮೂಲಕ ಕೇಳಿಸಿ. ನಿಯಮ ಹೇಳಿ ಇಲ್ಲವೆನ್ನುವವರೂ ಇದ್ದಾರೆ, ಎರಡು ರಾತ್ರಿಗೆ ಜಾಗ ಕೊಟ್ಟವರೂ ಇದ್ದಾರೆ.

ಮನೆಯವರ ಒಪ್ಪಿಗೆ ಹಣಕ್ಕಿಂತ ಕಷ್ಟ. ಹೆಣ್ಣುಮಕ್ಕಳ ವಿಷಯದಲ್ಲಂತೂ ರಜೆಯಲ್ಲಿ ಗಂಡು ನೋಡುವ ಮಾತು ಎದ್ದಿರುತ್ತದೆ. ‘ರಿಸರ್ಚ್’ ಎಂಬ ಮಾತಿನಿಂದ ಅಪ್ಪನಿಗೆ ಏನೂ ತಿಳಿಯುವುದಿಲ್ಲ; ‘ಕಾಲೇಜಿನವರು ಕೆಲಸ ಹಚ್ಚಿದ್ದಾರೆ, ಬರೆದುಕೊಡಬೇಕು’ ಎಂದರೆ ತಿಳಿಯುತ್ತದೆ, ಮತ್ತು ಅದು ಸುಳ್ಳೂ ಅಲ್ಲ. ನಿಮ್ಮ ಮೇಷ್ಟ್ರಿಂದಲೋ ಮೇಡಂ ಅವರಿಂದಲೋ ಒಂದು ಫೋನ್ ಮಾಡಿಸಿ. ಮೊಹರು ಇರುವ ಪತ್ರದ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟುಹೋಗಿ.

ಆರನೆಯ ಹೆಜ್ಜೆ: ನಾಲ್ಕು ವಾರ

ಮೊದಲ ವಾರ ಓದು. ಎರಡು, ಮೂರನೆಯ ವಾರ ಸ್ಥಳ, ಜನ, ಕಡತ. ನಾಲ್ಕನೆಯ ವಾರ ಬರವಣಿಗೆ ಬಿಟ್ಟು ಬೇರೇನೂ ಇಲ್ಲ.

ಸಂದರ್ಶನಕ್ಕೆ ಹೋಗುವಾಗ ಏನು ಕೇಳಲಿದ್ದೀರಿ, ಧ್ವನಿಮುದ್ರಣ ಏನಾಗುತ್ತದೆ, ಹೆಸರು ಹಾಕಬೇಕೇ ಬೇಡವೇ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಆ ಒಪ್ಪಿಗೆಯನ್ನೂ ಧ್ವನಿಮುದ್ರಿಸಿಕೊಳ್ಳಿ. ಸ್ವಂತ ಅಜ್ಜಿಯಾದರೂ ಇದನ್ನು ಬಿಡಬೇಡಿ. ಜಾತಿ ಜಗಳ, ಜಮೀನಿನ ವ್ಯಾಜ್ಯ, ದೇವದಾಸಿ ಪದ್ಧತಿ ಬಿಟ್ಟವರ ಬದುಕು ಇಂತಹ ಮಾತು ಬಂದಾಗ ಊರಿನ ಹೆಸರನ್ನೂ ಬದಲಿಸಬೇಕಾಗಬಹುದು. ನೀವು ಬರೆದು ಪಟ್ಟಣಕ್ಕೆ ಹೋಗುತ್ತೀರಿ, ಅವರು ಅದೇ ಓಣಿಯಲ್ಲಿರುತ್ತಾರೆ. ಧ್ವನಿಮುದ್ರಣದ ವೇಳೆ ಮೊಬೈಲನ್ನು ಏರ್‌ಪ್ಲೇನ್ ಮೋಡಿನಲ್ಲಿಡಿ, ಪ್ರತಿ ಕಡತಕ್ಕೂ ದಿನಾಂಕ ಮತ್ತು ಊರಿನ ಹೆಸರು ಕೊಡಿ, ಅಂದೇ ರಾತ್ರಿ ಇನ್ನೊಂದು ಕಡೆ ಪ್ರತಿ ಮಾಡಿಡಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಬೇಕಾಗುತ್ತದೆಂಬ ಲೆಕ್ಕ ಇಟ್ಟುಕೊಂಡೇ ಎಷ್ಟು ಜನರನ್ನು ಮಾತನಾಡಿಸಬೇಕೆಂದು ತೀರ್ಮಾನಿಸಿ. ಆಡುಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿ. ‘ಬರಂಗಿಲ್ಲ’ ಎಂದದ್ದು ‘ಬರುವುದಿಲ್ಲ’ ಎಂದಾದರೆ ಅರ್ಧ ಸಾಕ್ಷ್ಯ ಹೋದಂತೆ.

ಟೈಪಿಂಗಿನ ಬಗ್ಗೆ ಒಂದು ಮಾತು, ಚಿಕ್ಕದೆನಿಸಿದರೂ ಇದರಿಂದ ಕೆಟ್ಟ ಬರಹಗಳನ್ನು ಬಹಳ ನೋಡಿದ್ದೇನೆ. ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿಸಿದ್ದನ್ನು ಪ್ರಾಧ್ಯಾಪಕರಿಗೆ ಇ-ಮೇಲ್ ಮಾಡಿದರೆ ಅವರ ಪರದೆಯಲ್ಲಿ ಬರೀ ಚಿಹ್ನೆಗಳು ಕಾಣುತ್ತವೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಮೊಬೈಲಿನ ಕನ್ನಡ ಕೀಲಿಮಣೆ ಸಾಕು, ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಡೀ ಪ್ರಬಂಧವನ್ನು ಅದರಲ್ಲೇ ಬರೆದಿದ್ದಾರೆ. ಪಿಡಿಎಫ್ ಪ್ರತಿಯನ್ನೂ ಜೊತೆಗಿಡಿ.

ಕೊನೆಯ ಹೆಜ್ಜೆ: ಕೇಳುವವರನ್ನು ಹುಡುಕುವುದು

ಹನ್ನೆರಡರಿಂದ ಹದಿನೈದು ಪುಟದ ಬರಹ ಕೈಗೆ ಬಂದ ಮೇಲೆ ಅದನ್ನು ಕಪಾಟಿಗೆ ಹಾಕಬೇಡಿ. ಕಾಲೇಜು ತೆರೆದ ಮೊದಲ ತಿಂಗಳಲ್ಲೇ ವಿಭಾಗದಲ್ಲಿ ಇಪ್ಪತ್ತು ನಿಮಿಷ ಕೊಡಿ ಎಂದು ಕೇಳಿ. ಇತಿಹಾಸದ ವಿಷಯವಾದರೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಕನ್ನಡದಲ್ಲೇ ಪ್ರಬಂಧ ಮಂಡನೆಯಾಗುತ್ತದೆ; ಮೇಷ್ಟ್ರೊಂದಿಗೆ ಹೋಗಿ ಒಮ್ಮೆ ಕೇಳಿಸಿಕೊಂಡು ಬಂದರೂ ಮುಂದಿನ ವರ್ಷ ನಿಮ್ಮದನ್ನು ಹೇಗೆ ಮಂಡಿಸಬೇಕೆಂದು ತಿಳಿಯುತ್ತದೆ. ‘ಅಂತರರಾಷ್ಟ್ರೀಯ ಜರ್ನಲ್’ ಎಂದು ಹೇಳಿಕೊಂಡು ಪುಟಕ್ಕಿಷ್ಟು ಎಂದು ಹಣ ಕೇಳುವವರ ಬಲೆಗೆ ಬೀಳಬೇಡಿ. ಐಎಸ್‌ಎಸ್‌ಎನ್ ಸಂಖ್ಯೆ ಇರುವುದೊಂದೇ ಗುಣಮಟ್ಟಕ್ಕೆ ಪ್ರಮಾಣವಲ್ಲ, ಅದನ್ನು ಯಾವ ನಿಯತಕಾಲಿಕವೂ ಪಡೆಯಬಹುದು.

ಮಾರ್ಗದರ್ಶನ ಮಾಡಿದವರಿಗೆ ಬರಹದ ಪ್ರತಿಯ ಜೊತೆಗೆ ಒಂದು ಪತ್ರ ಕಳುಹಿಸಿ, ಎಂ.ಎ. ಅರ್ಜಿಯ ಹೊತ್ತಿಗೆ ಶಿಫಾರಸು ಬರೆದುಕೊಡುವವರು ಅವರೇ. ಇನ್ನೆರಡು ಪ್ರತಿ ತೆಗೆಸಿ ಒಂದನ್ನು ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದನ್ನು ಮಾತು ಕೊಟ್ಟವರ ಮನೆಗೆ ತೆಗೆದುಕೊಂಡು ಹೋಗಿ ಓದಿ ಹೇಳಿ. ಕೊಪ್ಪಳದ ಹುಡುಗಿ ಹಾಗೆ ಓದಿದಾಗ ಅಜ್ಜಿ ಒಂಬತ್ತನೆಯ ನುಡಿಯನ್ನು ತಪ್ಪಾಗಿ ಬರೆದಿದ್ದೀಯೆಂದು ತಿದ್ದಿಸಿತು. ಆ ತಿದ್ದುಪಡಿ ಈಗ ಪ್ರಬಂಧದ ಅಡಿಟಿಪ್ಪಣಿಯಲ್ಲಿದೆ, ಅಜ್ಜಿಯ ಹೆಸರಿನೊಂದಿಗೆ.